ಮೂರು ಮೊಳೆಯ ಕಂಚಿನ ಬಟ್ಟಲು

“ಅಂಗಾತ ಮಾಡಬ್ಯಾಡ್ರಿ ಉಸ್ತಾದ್! ಮುಟ್ಟಿದ್ದು ಮುಟ್ಟೀರಿ, ಹಂಗೇ ಬೋರಲ ಇಟ್ಟು ಈ ಕಡೆ ಸರೀರಿ!”

ಭೀಮಶಾ ಕೂಗಿದ ಕೂಗಿಗೆ ಬೇವಿನ ಮರದಲ್ಲಿದ್ದ ಗಿಳಿಗಳೆಲ್ಲ ಒಂದೇ ಏಟಿಗೆ ಎದ್ದು ಸೋಲಾಪುರದ ದಿಕ್ಕಿಗೆ ಹಾರಿದವು. ಅವುಗಳಲ್ಲಿ ಅರ್ಧ ಇವತ್ತಿಗೂ ತಿರುಗಿ ಬಂದಿಲ್ಲವಂತೆ. ಕಲ್ಯಾಣಿ ಊರಿನಲ್ಲಿ ಐವತ್ತು ವರ್ಷ ಕುಲುಮೆಯ ಮುಂದೆ ಕೂತು ಕಣ್ಣಿನ ರೆಪ್ಪೆಗಳನ್ನೇ ಸುಟ್ಟುಕೊಂಡಿದ್ದ ಕಂಚುಗಾರ ಅವನು. ಕುದಿಯುವ ಕಂಚಿಗೆ ಹೆದರದವನು ಆ ಕಟ್ಟೆಯಿಂದ ಹತ್ತು ಮಾರು ದೂರದಲ್ಲೇ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದ.

ಕಟ್ಟೆಯ ಮೇಲೆ ನಿಂತು ನಗುತ್ತಿದ್ದವನು ತುಳಜಾರಾಮ. ಕಲ್ಯಾಣಿಗೆ ಬಂದು ಇನ್ನೂ ಇಪ್ಪತ್ತು ದಿನ. ಆದರೆ ಆ ಇಪ್ಪತ್ತು ದಿನದಲ್ಲಿ ಅವನ ಹೆಸರು ಕೋಟೆಯ ಬಾಗಿಲಿನಿಂದ ತ್ರಿಪುರಾಂತ ಕೆರೆಯವರೆಗೆ ಹಬ್ಬಿತ್ತು, ಹಬ್ಬಿಸಿದವನೂ ಅವನೇ. ಮುಂಬಯಿಯಲ್ಲಿ ಕಲಿತ ಮಿಸ್ತ್ರಿಯಂತೆ. ಇಂಜಿನ್ನಿನ ಸದ್ದು ಕೇಳಿದರೆ ಅದರ ಡ್ರೈವರನಿಗೆ ಮಕ್ಕಳೆಷ್ಟು ಎಂದು ಹೇಳುತ್ತಾನಂತೆ. ಕಣ್ಣು ಕಟ್ಟಿದರೆ ಮೂಗಿನಿಂದಲೇ ಮೋಟಾರು ಬಿಚ್ಚಿ ಜೋಡಿಸುತ್ತಾನಂತೆ.

“ಭೀಮಶಾ ಕಾಕಾ, ಸೋಲಾಪುರ, ಹೈದರಾಬಾದು ಎಲ್ಲಾ ಹುಡುಕಿ ಬಂದೇನಿ. ಒಂದು ತೊಲಿ ಕಂಚು ಸಿಗಲಿಲ್ಲ. ಎಲ್ಲಾ ಲಡಾಯಿಗೆ ಹೋಗ್ಯದ. ಇಲ್ಲಿ ನೋಡಿದ್ರ ನಲವತ್ತು ಬಟ್ಟಲ ಬೋರಲ ಮಲಗ್ಯಾವ. ಇವು ಯಾರಪ್ಪನ ಮದವಿಗೆ ಕಾಯಾಕತ್ತಾವು?”

“ಅವು ಬೋರಲಮ್ಮನ ಬಟ್ಟಲ ಅದಾವ್ರೀ. ಒಂದೊಂದರ ಕೆಳಗ ಒಂದೊಂದು ಮಾತು ಅದ.”

ಮುಡಬಿಯ ದಾರಿಯಲ್ಲಿದ್ದ ಬೋರಲಮ್ಮ ದೇವಿಯ ಆ ಕಟ್ಟೆಗೆ ಗುಡಿಯಿಲ್ಲ, ಮೂರ್ತಿಯಿಲ್ಲ, ಪೂಜಾರಿಯಿಲ್ಲ. ಇನ್ನೊಬ್ಬರ ಸುಳ್ಳಿನಿಂದ ಮಾನ ಕಳೆದುಕೊಂಡ ಹೆಂಗಸು ತಾನು ದಿನಾ ಉಣ್ಣುವ ಕಂಚಿನ ಬಟ್ಟಲನ್ನು ಅಲ್ಲಿಗೆ ತರುತ್ತಾಳೆ. ಬಾಯಿಗೆ ಹಿಡಿದು ಅದರೊಳಗೆ ಒಂದೇ ಒಂದು ಮಾತು ಹೇಳುತ್ತಾಳೆ. ಮಾತು ಹೊರಗೆ ಬೀಳುವ ಮುಂಚೆ ಬೋರಲು ಹಾಕಿ, ತಿರುಗಿ ನೋಡದೆ ಹೋಗುತ್ತಾಳೆ. ಆಮೇಲೆ ಅವಳು ಸಾಯುವತನಕ ಕಂಚಿನಲ್ಲಿ ಉಣ್ಣುವಂತಿಲ್ಲ. ಬಟ್ಟಲನ್ನು ಯಾರು ಅಂಗಾತ ಮಾಡುತ್ತಾರೋ ಒಳಗಿನ ಮಾತು ಅವರ ಮೇಲೆ ಕೂರುತ್ತದೆ. ಆ ದಾರಿಯಲ್ಲಿ ಹೋಗುವ ಕಳ್ಳರು ಕೂಡ ಕಟ್ಟೆ ಬಂದ ಕೂಡಲೇ ದನಿ ತಗ್ಗಿಸುತ್ತಿದ್ದರು.

“ಮಾತಿನ ತೂಕ ಎಷ್ಟಿರತದ? ಪಾವಶೇರೋ, ಅರ್ಧ ಶೇರೋ?” ಎಂದ ತುಳಜಾರಾಮ. “ಬರಲಿ ನೋಡೋಣ.” ಹಾಗೆಂದವನೇ ಕಾಲಿನ ಹತ್ತಿರವಿದ್ದ ಬಟ್ಟಲನ್ನು ಮಗುಚಿ ಎತ್ತಿದ.

ಒಳಗೆ ಜೇಡರ ಬಲೆಯಿರಲಿಲ್ಲ, ಮಣ್ಣಿರಲಿಲ್ಲ. ಏಳು ವರ್ಷ ಮುಚ್ಚಿಟ್ಟ ಒಂದು ವಾಸನೆ ಇತ್ತು. ಸುಟ್ಟ ಇಂಜಿನ್ ಎಣ್ಣೆಯ ವಾಸನೆ. ಅದರ ಹಿಂದೆಯೇ, ತೆಳ್ಳಗೆ, ಪುಂಡಿಪಲ್ಯದ ಹುಳಿ ವಾಸನೆ.

ತುಳಜಾರಾಮ ಬಟ್ಟಲನ್ನು ಬಿಸಿಲಿಗೆ ಹಿಡಿದ. ಅಂಚಿನಲ್ಲಿ ಒಂದು ಸೀಳು. ಸೀಳಿನ ಮೇಲೆ ಒಂದು ಸಣ್ಣ ತೇಪೆ. ತೇಪೆಗೆ ಮೂರು ತಾಮ್ರದ ಮೊಳೆ, ಒಲೆಯ ಮೂರು ಗುಂಡಿನ ಹಾಗೆ ಕೂಡಿಸಿ ಬಡಿದದ್ದು.

ಆ ಮೊಳೆಗಳನ್ನು ಬಡಿದವನು ಅವನೇ.

“ಯಾಕ್ರೀ ಉಸ್ತಾದ್, ಮಾರಿ ಯಾಕ ಬಿಳಚಿತು?”

“ಬಿಸಲು ಕಾಕಾ,” ಎಂದ ತುಳಜಾರಾಮ. ನಗು ತುಟಿಯ ಮೇಲೆ ಒಣಗಿತ್ತು. “ಈ ಬಟ್ಟಲ ಯಾರ್ದು?”

“ಹುಮನಾಬಾದದ ಒಬ್ಬಾಕಿ. ಐದಾರು ಹರದಾರಿ ನಡಕೊಂತ ಬಂದಿದ್ಲು. ತಲಿ ಮ್ಯಾಗ ಸೆರಗು ಹಿಂಗ ಎಳಕೊಂಡಿದ್ಲು, ಮಾರಿನೇ ಕಾಣಲಿಲ್ಲ. ಇಟ್ಟುಬಿಡ್ರೀ ಅದನ್ನ.”

ಇಟ್ಟುಬಿಡಬಹುದಿತ್ತು. ಆದರೆ ಮೂರು ಮೊಳೆ ಅವನನ್ನೇ ನೋಡುತ್ತಿದ್ದವು. ಅವನ್ನು ಆ ಕಟ್ಟೆಯ ಮೇಲೆ, ಬಟ್ಟಬಯಲಲ್ಲಿ ಬಿಟ್ಟುಹೋಗುವುದು ಅವನಿಂದ ಆಗಲಿಲ್ಲ. ಬಟ್ಟಲನ್ನು ಅಂಗಿಯೊಳಗೆ ತುರುಕಿದ. ಆ ಉರಿಬಿಸಿಲಲ್ಲೂ ಅದು ಹೊಟ್ಟೆಗೆ ತಣ್ಣಗೆ ತಾಗಿತು.

*

ಏಳು ವರ್ಷದ ಹಿಂದೆ ತುಳಜಾರಾಮ ಮುಂಬಯಿಯಲ್ಲಿರಲಿಲ್ಲ. ಹುಮನಾಬಾದದ ಒಂದು ಮೋಟಾರು ಶೆಡ್ಡಿನಲ್ಲಿ ಗ್ರೀಸು ಹಚ್ಚುತ್ತಿದ್ದ. ವಯಸ್ಸು ಇಪ್ಪತ್ತು. ತಂದೆತಾಯಿ ಇರಲಿಲ್ಲ. ಶೆಡ್ಡಿನ ಕಸ ಗುಡಿಸಿ ನೀರು ತುಂಬುತ್ತಿದ್ದ ಸೂಗಮ್ಮ ಎಂಬ ವಿಧವೆ ಅವನಿಗೆ ಎರಡು ವರ್ಷ ರೊಟ್ಟಿ, ಪುಂಡಿಪಲ್ಯ ಹಾಕಿದಳು. ತಾನು ಉಣ್ಣುವ ಬಟ್ಟಲಲ್ಲೇ ಮೊದಲು ಅವನಿಗೆ ಬಡಿಸಿ, ಅವನು ಎದ್ದ ಮೇಲೆ ತೊಳೆದು ತಾನು ಉಣ್ಣುತ್ತಿದ್ದಳು. ಬಟ್ಟಲು ಸೀಳಿದಾಗ ಅವನು ಮೂರು ಮೊಳೆ ಬಡಿದು ಕೊಟ್ಟ. ಅವನ ಕೈಯಿಂದ ಬಂದ ಮೊದಲ ನೆಟ್ಟನೆಯ ಕೆಲಸ ಅದು. ಸೂಗಮ್ಮ ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದಳು, ವಜ್ರದ ಹರಳು ಕೂಡಿಸಿ ಕೊಟ್ಟನೇನೋ ಎನ್ನುವ ಹಾಗೆ.

ಆ ಶೆಡ್ಡಿನ ಉಸ್ತಾದನ ಹತ್ತಿರ ಒಂದು ರೀಮರ್ ಇತ್ತು. ತೂತಿನೊಳಗೆ ಇಳಿಸಿ ತಿರುವಿದರೆ ಕೂದಲೆಳೆಯಷ್ಟೇ ಕೊರೆದು ಕನ್ನಡಿಯಂತೆ ನುಣುಪು ಮಾಡುವ ಇಂಗ್ಲಿಷ್ ಉಕ್ಕಿನ ಸಲಾಕೆ. ಅದು ಇದ್ದವನು ಮಿಸ್ತ್ರಿ, ಇಲ್ಲದವನು ಹಮಾಲ. ತುಳಜಾರಾಮ ಅದನ್ನು ಕದ್ದ. ಉಸ್ತಾದ ಶೆಡ್ಡನ್ನೆಲ್ಲ ತಲೆಕೆಳಗು ಮಾಡಿ ಕೊನೆಗೆ ಅವನ ಮುಂದೆ ಬಂದು ನಿಂತಾಗ ಬಾಯಿಂದ ಒಂದು ಮಾತು ಜಾರಿತು: “ಸೂಗಮ್ಮ ಕಸದ ಬುಟ್ಟ್ಯಾಗ ಏನೋ ಒಯ್ದಂಗಿತ್ತು.”

ಸುಟ್ಟ ಇಂಜಿನ್ ಎಣ್ಣೆಗೆ ದೀಪದ ಮಸಿ ಕಲಸಿ ಸೂಗಮ್ಮನ ಮುಖಕ್ಕೆ ಬಳಿದರು. ಶೆಡ್ಡಿನಿಂದ ಅವಳ ಮನೆಯತನಕ ಬಜಾರದಲ್ಲಿ ನಡೆಸಿದರು. ಕಿರಾಣಿ ಸಾಲಿನಲ್ಲಿ ಒಮ್ಮೆ, ಸಿಹಿನೀರಿನ ಬಾವಿಯ ಹತ್ತಿರ ಒಮ್ಮೆ, ಹುಣಸೆ ಮರದ ಕೆಳಗೆ ಒಮ್ಮೆ ನಿಲ್ಲಿಸಿ ಮತ್ತೆ ಮತ್ತೆ ಬಳಿದರು. ತುಳಜಾರಾಮ ಗಾಳಿ ತುಂಬುವ ಪಂಪು ಹಿಡಿದುಕೊಂಡು ಹಿಂದೆ ಹಿಂದೆ ನಡೆದಿದ್ದ. ಅವಳು ಮೂರು ಸಲ ತಿರುಗಿ ಅವನನ್ನು ನೋಡಿದಳು. ಅವನು ಮೂರು ಸಲವೂ ನೆಲ ನೋಡಿದ. ಎಂಟು ದಿನಕ್ಕೆ ರೀಮರನ್ನು ಟೊಂಕಕ್ಕೆ ಕಟ್ಟಿಕೊಂಡು ಸೋಲಾಪುರದ ಲಾರಿ ಹತ್ತಿದ.

ಈಗ ಕಲ್ಯಾಣಿಯ ಬಸವಣಪ್ಪ ಸಾಹುಕಾರರು ಅವನಿಗೆ ಒಂದು ಮಾತು ಕೊಟ್ಟಿದ್ದರು. ಅವರ ಬಳಿ ಇಪ್ಪತ್ತು ವರ್ಷದ ಹಳೆಯ ಮೋಟಾರು ಒಂದಿತ್ತು. ಅದರ ಹಾರ್ನು ಒತ್ತಿದರೆ ಹುಲಸೂರಿನ ಎಮ್ಮೆ ಕಣ್ಣಿ ಹರಿಯುತ್ತಿತ್ತು. ಅದರ ಸ್ಟೇರಿಂಗು ಎಷ್ಟು ಸಡಿಲವೆಂದರೆ, ಚಕ್ರ ತಿರುವಿ, ಎಲೆಯಡಿಕೆ ಹಾಕಿಕೊಂಡು, ಉಗುಳಿ ಬಂದ ಮೇಲೆ ಮುಂದಿನ ಗಾಲಿಗಳು ಹೊರಳುತ್ತಿದ್ದವು. ಗಾಲಿ ಹೊರಳುವುದು ಗೇಣುದ್ದದ ಒಂದು ಉಕ್ಕಿನ ಕೀಲಿನ ಮೇಲೆ. ಆ ಕೀಲಿಗೆ ಮೇಲೊಂದು, ಕೆಳಗೊಂದು ಕಂಚಿನ ಬಳೆ ಇರುತ್ತದೆ. ಅದೇ ಬುಶ್. ಎರಡು ಗಾಲಿಯ ನಾಲ್ಕೂ ಬುಶ್‌ಗಳು ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಶುಕ್ರವಾರ ಸಾಹುಕಾರರ ಮಗನಿಗೆ ಹೆಣ್ಣು ಗಟ್ಟಿಮಾಡಲು ಹುಮನಾಬಾದಕ್ಕೆ ಹೋಗಬೇಕು. ಗಾಡಿ ನೆಟ್ಟಗೆ ಹೋಗಿ ಬಂದರೆ ಕೋಟೆಯ ಬಾಗಿಲ ಹತ್ತಿರ ತುಳಜಾರಾಮನ ಹೆಸರಿನಲ್ಲೇ ಒಂದು ಕಾರ್ಖಾನೆ. ಅವನು ಜನ್ಮದಲ್ಲಿ ಬೇಡಿದ್ದು ಅದೊಂದೇ. ಅದು ಸಿಗಬೇಕಾದರೆ ಅವನು ಮುಂಬಯಿಯವನೇ ಆಗಿರಬೇಕಿತ್ತು, ಹುಮನಾಬಾದದವನಲ್ಲ.

*

“ಕುಲುಮಿ ನಂದು, ಬೆಂಕಿ ನಿಮ್ದು,” ಎಂದ ಭೀಮಶಾ. “ಸಾಹುಕಾರ್ರ ಕೆಲಸ ಅಂತ ಬಾಗಿಲ ತೆಗದು ಕೊಡ್ತೀನಿ. ನಾ ಮಾತ್ರ ಇರಂಗಿಲ್ಲ. ಬಟ್ಟಲ ಕರಗಿಸಬಹುದು ಉಸ್ತಾದ್. ಅದರಾಗಿನ ಮಾತು ಹ್ಯಾಂಗ ಕರಗಸ್ತೀರಿ?”

“ನೀ ಹೋಗಿ ಕೆರಿ ದಂಡಿಗೆ ಗಾಳಿ ತೊಗೋ ಕಾಕಾ. ಬರೂದ್ರಾಗ ನಿನ್ನ ಬೋರಲಮ್ಮನ್ನ ಮೋಟಾರದಾಗ ಕೂಡಿಸಿರತೀನಿ.”

ನಡು ಮಧ್ಯಾಹ್ನ. ತುಳಜಾರಾಮ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ. ಬೆಳಕಿದ್ದರೆ ಕಾದ ಲೋಹದ ಬಣ್ಣ ತಿಳಿಯುವುದಿಲ್ಲ. ಕಂಚುಗಾರರು ಹಗಲಿನಲ್ಲೇ ಕತ್ತಲು ಮಾಡಿಕೊಂಡು ಎರಕ ಹೊಯ್ಯುತ್ತಾರೆ. ಒಳಗೆ ಇದ್ದಿಲು, ಹಳೆಯ ಬೆವರು, ಒದ್ದೆ ಮರಳಿನ ವಾಸನೆ. ತಿದಿ ಒತ್ತಿದಾಗೆಲ್ಲ ಕುಲುಮೆ ಉಬ್ಬಸದ ಮುದುಕಿಯಂತೆ ಉಸಿರೆಳೆಯಿತು. ಮೂಸೆಯಲ್ಲಿ ಬಟ್ಟಲು ಕೆಂಪಾಯಿತು, ಬಾಗಿತು, ಕುಸಿದು ಕರಗಿತು. ಬರೀ ಬಟ್ಟಲ ಕಂಚು ಪೆಡಸು, ಬುಶ್‌ಗೆ ತಾಳುವುದಿಲ್ಲ. ಬೆರೆಸಲು ತಾಮ್ರದ ಚೂರುಗಳನ್ನು ಹಾಕಬೇಕೆಂದು ಬಗ್ಗಿದ.

ಮೂರು ಮೊಳೆ ಕರಗಿರಲಿಲ್ಲ.

ತಾಮ್ರಕ್ಕೆ ಹೆಚ್ಚು ಕಾವು ಬೇಕು, ಅದು ಅವನಿಗೆ ಗೊತ್ತು. ಆದರೂ ಬೆಂಕಿಯ ಬಣ್ಣದ ಆ ಮಡುವಿನಲ್ಲಿ ಮೂರು ಕೆಂಪು ಚುಕ್ಕಿಗಳು ಅಲುಗದೆ ನಿಂತಿದ್ದವು. ಅವನು ತಿದಿ ಒತ್ತಿದ. ಮತ್ತೆ ಒತ್ತಿದ. ಅಂಗೈ ಬೊಬ್ಬೆ ಬಂತು. ಬೊಬ್ಬೆ ಒಡೆಯಿತು. ಕಲ್ಯಾಣಿಯ ಅರ್ಧ ಊರಿನ ಇದ್ದಿಲು ಅವತ್ತು ಆ ಕುಲುಮೆಗೇ ಹೋಯಿತು ಅನ್ನಬೇಕು. ಮೊದಲ ಮೊಳೆ ಕರಗಿತು. ಎರಡನೆಯದು ಕರಗಿತು. ಮೂರನೆಯದು ಕರಗುವಾಗ ಕೋಣೆಯಲ್ಲೆಲ್ಲ ಸುಟ್ಟ ಇಂಜಿನ್ ಎಣ್ಣೆಯ ವಾಸನೆ ಎದ್ದಿತು. ಅಲ್ಲಿ ಒಂದು ಹನಿ ಎಣ್ಣೆಯೂ ಇರಲಿಲ್ಲ.

ಮರಳಿನ ಅಚ್ಚಿಗೆ ಹೊಯ್ದ. ಆರಿದ ಮೇಲೆ ಒಡೆದು ನೋಡಿದರೆ ನಾಲ್ಕು ಬಳೆಗಳೂ ಬಂಗಾರದ ಹಾಗೆ ಬಂದಿದ್ದವು. “ನೋಡು, ನಿನ್ನ ಮಾತು ಎಲ್ಲದ?” ಎಂದು ನಗಬೇಕೆಂದುಕೊಂಡ. ನಗದೆ ಬಳೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎದ್ದ.

ಸಾಹುಕಾರರ ಹತ್ತಿ ಜಿನ್ನಿನಲ್ಲಿದ್ದ ಲೇತ್ ಯಂತ್ರಕ್ಕೆ ಹಾಕಿ ಹೊರಮೈ ತಿರುವಿದ. ಕಂಚಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ಲೇತಿನ ಸದ್ದು ಮಾತ್ರ ಲೇತಿನದಾಗಿರಲಿಲ್ಲ. ಸರ್... ಸರ್... ಸರ್... ಯಾರೋ ಕಸಬರಿಗೆ ಹಿಡಿದು, ಬಗ್ಗಿ, ಸಾವಕಾಶವಾಗಿ ನೆಲ ಗುಡಿಸುತ್ತಿದ್ದರು.

*

ಮೋಟಾರಿನ ಕೆಳಗೆ ಆಳೆತ್ತರದ ಗುಂಡಿ. ಅದರೊಳಗೆ ಹಗಲೂ ಕತ್ತಲೇ. ತುಳಜಾರಾಮ ಮುಂದಿನ ಗಾಲಿಗಳನ್ನು ಬಿಚ್ಚಿದ. ಕೀಲು ಬಡಿದು ಇಳಿಸಿದ. ಹಳೆಯ ಬುಶ್‌ಗಳನ್ನು ಹೊರಗೆ ತಳ್ಳಿ ಹೊಸವನ್ನು ವೈಸಿನ ದವಡೆಯಲ್ಲಿ ಒತ್ತಿ ಕೂಡಿಸಿದ. ಗ್ರೀಸು ಹೋಗುವ ತೂತಿಗೆ ತೂತು ಬರೋಬ್ಬರಿ ಹೊಂದಿಸಿದ. ಇನ್ನು ಉಳಿದದ್ದು ರೀಮರಿನ ಕೆಲಸ. ಮೇಲಿನ ಬುಶ್ಶು, ಕೆಳಗಿನ ಬುಶ್ಶು ಎರಡರಲ್ಲೂ ಒಂದೇ ಗೆರೆಯಲ್ಲಿ ಸಲಾಕೆ ಹಾಯಬೇಕು. ಕೂದಲಷ್ಟು ಓರೆಯಾದರೂ ಸ್ಟೇರಿಂಗು ಬಿಗಿಯುತ್ತದೆ.

ಟೊಂಕದಿಂದ ರೀಮರ್ ತೆಗೆದ. ಏಳು ವರ್ಷದಲ್ಲಿ ಅವನು ಅದನ್ನು ಇನ್ನೊಬ್ಬರ ಮುಂದೆ ಒರೆಸಿದವನಲ್ಲ. ತೂತಿಗೆ ಇಳಿಸಿ ತಿರುವಿದ. ಒಂದು ಸುತ್ತು. ಎರಡು ಸುತ್ತು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಹೊರಗೆ ತೆಗೆದ. ಸಲಾಕೆಯ ಹಲ್ಲುಗಳ ತುಂಬ ಕಪ್ಪು ಎಣ್ಣೆ.

ಹೊಸ ಕಂಚಿನಿಂದ ಎಣ್ಣೆ ಎಲ್ಲಿಂದ ಬಂತು? ಬಟ್ಟೆಯಿಂದ ಒರೆಸಿದ. ಮತ್ತೆ ಒಸರಿತು. ಒರೆಸಿದ. ಮತ್ತೆ ಒಸರಿತು. ಏಳು ಧೋತರ ಹರಿದು ಒರೆಸಿದರೂ ಅದು ನಿಲ್ಲಲಿಲ್ಲ. ಬೆವರು ಕಣ್ಣಿಗೆ ಇಳಿಯಿತು. ತಲೆ ಎತ್ತಿದ. ಬಿಚ್ಚಿ ಗುಂಡಿಯ ಅಂಚಿಗೆ ಇಟ್ಟಿದ್ದ ಹೆಡ್‌ಲೈಟಿನ ಬಟ್ಟಲು ಅವನ ಮುಖಕ್ಕೆ ನೇರ ನಿಂತಿತ್ತು. ಅದರಲ್ಲಿ ಒಂದು ಮುಖ ಕಂಡಿತು. ಕಪ್ಪು ಬಳಿದ ಮುಖ. ಎರಡು ಬಿಳಿಯ ಕಣ್ಣು. ಆ ಕಣ್ಣುಗಳು ಅವನು ನೋಡಲಿ ಎಂದು ಕಾಯುತ್ತಿದ್ದವು.

ತುಳಜಾರಾಮ ನೆಲ ನೋಡಿದ.

ಮತ್ತೆ ತಲೆ ಎತ್ತಿದಾಗ ಅಲ್ಲಿ ಅವನದೇ ಮುಖವಿತ್ತು.

ಸಂಜೆಗೆ ಸಾಹುಕಾರರು ಬಂದು ಸ್ಟೇರಿಂಗನ್ನು ಒಂದು ಬೆರಳಿನಿಂದ ತಿರುವಿದರು. ಗಾಲಿಗಳು ನೀರಿನಲ್ಲಿ ಮೀನು ಹೊರಳಿದಂತೆ ಹೊರಳಿದವು. “ಭಲೇ ಉಸ್ತಾದ್! ಮುಂಬಯಿ ಕೈ ಅಂದ್ರ ಮುಂಬಯಿ ಕೈ!” ಎಂದು ಅವನ ಬೆನ್ನು ತಟ್ಟಿದರು. ತಟ್ಟಿದ ಅಂಗೈಯನ್ನು ನೋಡಿಕೊಂಡು, “ಇದೇನೋ ಮಸಿ ಹತ್ತಿತಲ್ಲ,” ಎಂದರು.

*

ಶುಕ್ರವಾರ ಹೊತ್ತು ಏರುವ ಮುಂಚೆ ಹೊರಟರು. ಹಿಂದಿನ ಸೀಟಿನಲ್ಲಿ ಸಾಹುಕಾರರು, ಅವರ ಹೆಂಡತಿ ಪಾರ್ವತಿಬಾಯಿ, ನಡುವೆ ಸೀರೆ ಕುಬಸದ ತಟ್ಟೆ, ಐದು ತೆಂಗಿನಕಾಯಿ, ಸಕ್ಕರೆ. ಲಡಾಯಿ ಕಾಲದ ಕೂಪನ್ನಿನ ಪೆಟ್ರೋಲು ಹನಿಹನಿ ಕೂಡಿಸಿ ತುಂಬಿದ್ದರು. ಗಾಡಿ ಸೋಲಾಪುರ-ಹೈದರಾಬಾದ್ ರಸ್ತೆಗೆ ಬಂದ ಮೇಲೆ ಓಡಿದ ಓಟಕ್ಕೆ ಹಿಂದೆ ಬಿದ್ದ ಗಾಳಿ ಇನ್ನೂ ರಾಜೇಶ್ವರವನ್ನು ದಾಟಿರಲಿಕ್ಕಿಲ್ಲ. ತುಳಜಾರಾಮ ಸ್ಟೇರಿಂಗಿನ ಮೇಲೆ ಬರೀ ಎರಡು ಬೆರಳಿಟ್ಟಿದ್ದ. ಹುಮನಾಬಾದ ಹತ್ತಿರವಾದಷ್ಟೂ ಅದು ಹಗುರಾಗುತ್ತ ಹೋಯಿತು. ಕೊನೆಗೆ ಬೆರಳು ತೆಗೆದ. ಗಾಡಿ ತಾನೇ ತಿರುವು ತಿರುಗಿತು.

ಬೆರಳುಗಳನ್ನು ಅವಸರದಿಂದ ಮತ್ತೆ ಇಟ್ಟ.

ಬೀಗರ ಮನೆಗೆ ಊರ ಬಾಗಿಲಲ್ಲೇ ಬಲಕ್ಕೆ ಹೊರಳಬೇಕು. ತುಳಜಾರಾಮ ಬಲಕ್ಕೆ ತಿರುವಿದ. ಸ್ಟೇರಿಂಗು ಹಂದಲಿಲ್ಲ. ಎರಡೂ ಕೈಯಿಂದ ಎಳೆದ. ಕಲ್ಲು. ಗಾಡಿ ನೆಟ್ಟಗೆ ಬಜಾರದೊಳಗೆ ನುಗ್ಗಿತು. ಬ್ರೇಕು ತುಳಿದ. ಇಂಜಿನ್ ಆರಿಸಿದ. ಇಂಜಿನ್ ಆರಿತು. ಗಾಡಿ ನಿಲ್ಲಲಿಲ್ಲ. ಸದ್ದಿಲ್ಲದೆ, ಒಬ್ಬ ಹೆಂಗಸು ತಲೆ ತಗ್ಗಿಸಿ ನಡೆಯುವ ವೇಗದಲ್ಲಿ, ಅದು ಉರುಳತೊಡಗಿತು.

“ಉಸ್ತಾದ್, ದಾರಿ ಇದಲ್ಲೋ,” ಎಂದರು ಸಾಹುಕಾರರು.

ಹಳೆಯ ಮೋಟಾರು ಶೆಡ್ಡು ಎಡಕ್ಕೆ ಹಾದುಹೋಯಿತು. ಕಿರಾಣಿ ಸಾಲು ಬಂತು. ಗಾಡಿ ನಿಂತಿತು, ಯಾರೋ ರಟ್ಟೆ ಹಿಡಿದು ನಿಲ್ಲಿಸಿದ ಹಾಗೆ. ಜನ ಸೇರಿದರು.

“ಏನಾಗ್ಯದ?” ಎಂದರು ಸಾಹುಕಾರರು.

ಹೇಳಬಹುದಿತ್ತು. “ಬುಶ್ ಹೊಸಾವ್ರೀ, ಹಿಡಿದಾವ,” ಎಂದ ತುಳಜಾರಾಮ.

ಗಾಡಿ ಮತ್ತೆ ಉರುಳಿತು. ಬಾನೆಟ್ಟಿನ ಸಂದಿಯಿಂದ ಒಂದು ಕಪ್ಪು ಗೆರೆ ಇಳಿದು ಮಡ್‌ಗಾರ್ಡಿನ ಮೇಲೆ ಹರಿಯಿತು. ಸಿಹಿನೀರಿನ ಬಾವಿ. ಗಾಡಿ ನಿಂತಿತು. ಬಾವಿಯ ಹೆಂಗಸರು ಕೊಡ ಇಳಿಸಿ ನೋಡಿದರು. ಒಬ್ಬ ಮುದುಕ ಬಗ್ಗಿ ಕಣ್ಣು ಕಿರಿದು ಮಾಡಿದ. “ನಿನ್ನ ಎಲ್ಲೋ ನೋಡೇನಲ್ಲಪ್ಪಾ. ನಮ್ಮ ಶೆಡ್ಡಿನಾಗ ಗ್ರೀಸು ಹಚ್ಚತಿದ್ದಾಂವ ಅಲ್ಲೇನು ನೀ?”

“ನಾ ಮುಂಬಯಿಯಾಂವ. ಈ ಊರು ಕಂಡೇ ಇಲ್ಲ.”

ಕೈಯೊಳಗಿನ ಸ್ಟೇರಿಂಗು ಅವನ ಬೆರಳುಗಳನ್ನು ಹಿಡಿದುಕೊಂಡಿತು. ಸುಳ್ಳಲ್ಲ, ಬೆರಳು ಬಿಡಿಸಲು ಹೋದರೆ ಬರಲಿಲ್ಲ. ಒಳಗಿನಿಂದ ಒಸರಿದ ಎಣ್ಣೆ ಅಂಟಾಗಿ ಬೆರಳ ಸಂದಿಗಳಲ್ಲಿ ಇಳಿಯುತ್ತಿತ್ತು.

ಹುಣಸೆ ಮರ. ಗಾಡಿ ಮೂರನೆಯ ಸಲ ನಿಂತಿತು. ಆ ಹೊತ್ತಿಗೇ ಬಯಲಿನ ಕಡೆಯಿಂದ ಸುಂಟರಗಾಳಿ ಎದ್ದು ಓಣಿಯೊಳಗೆ ಹೊಕ್ಕಿತು. ಕೆಂಪು ದೂಳು ಹೊತ್ತನ್ನು ನುಂಗಿತು. ಹಗಲು ಹತ್ತು ಗಂಟೆಗೆ ಪಾರ್ವತಿಬಾಯಿ ತನ್ನ ಕೈ ತನಗೆ ಕಾಣದೆ ಚೀರಿದಳು. ದೂಳಿನೊಳಗೆ ಒಂದು ಸದ್ದು. ಸರ್... ಸರ್... ಸರ್...

“ತುಳಜಾರಾಮಾ!” ಸಾಹುಕಾರರು ಹಿಂದಿನಿಂದ ಅವನ ಹೆಗಲು ಹಿಡಿದರು. “ಏನ್ ಮಾಡೀಯೋ ನೀನು? ಖರೆ ಹೇಳು, ಗಾಡಿಗೆ ಏನ್ ಹಾಕೀ?”

ಅವನು ಬಾಯಿ ತೆರೆದ. ಕೋಟೆಯ ಬಾಗಿಲ ಹತ್ತಿರದ ಕಾರ್ಖಾನೆ ಕಣ್ಣ ಮುಂದೆ ಬಂತು. ಹಲಗೆಯ ಮೇಲೆ ಅವನ ಹೆಸರು.

“ಏನಿಲ್ರೀ,” ಎಂದ.

ಗಾಡಿ ಜಿಗಿಯಿತು.

ಇಂಜಿನ್ ಇಲ್ಲ. ಸದ್ದಿಲ್ಲ. ಇಳಿಜಾರಿಲ್ಲ. ಓಣಿ ಕಿರಿದಾಯಿತು. ಎರಡೂ ಬದಿಯ ಗೋಡೆಗೆ ಮಡ್‌ಗಾರ್ಡು ಕೊರೆದು ಕಿಡಿ ಹಾರಿದವು. ತೆಂಗಿನಕಾಯಿ ಉರುಳಿದವು. ಬ್ರೇಕು ತುಳಿದ. ನಿಂತು ತುಳಿದ. ಹತ್ತಲಿಲ್ಲ. ದೂಳು ಹರಿಯಿತು. ಮುಂದೆ ಒಂದು ಮಣ್ಣಿನ ಮನೆ. ಹೊಸ್ತಿಲ ಮುಂದೆ ಒಬ್ಬ ಮುದುಕಿ. ಅಂಗಳ ಗುಡಿಸುತ್ತಿದ್ದಳು. ಬೆನ್ನು ಈ ಕಡೆ. ಬಲಕ್ಕೆ ಎಳೆದ. ಎಡಕ್ಕೆ ಎಳೆದ. ಸ್ಟೇರಿಂಗು ಅವಳ ಬೆನ್ನಿಗೇ ನೆಟ್ಟಿತ್ತು. ಇಪ್ಪತ್ತು ಮಾರು. ಹತ್ತು ಮಾರು.

“ಸರೀ! ಸೂಗಮ್ಮಾ, ಸರೀ!”

ಅವಳು ಸರಿಯಲಿಲ್ಲ. ಏಳು ವರ್ಷದ ಹಿಂದೆ ಕೇಳಿದ್ದ ಆ ದನಿಗೆ ಕಸಬರಿಗೆ ಮಾತ್ರ ನಿಂತಿತು. ಐದು ಮಾರು.

“ನಾ ಕದ್ದದ್ದು!” ತುಳಜಾರಾಮ ಒದರಿದ. ಊರಿಗೆ ಊರೇ ಕೇಳುವ ಹಾಗೆ ಒದರಿದ. “ರೀಮರ್ ಕದ್ದಾಂವ ನಾನು! ಸೂಗಮ್ಮ ಅಲ್ಲ! ನಾನು! ಆಕಿ ಹಾಕಿದ್ದು ಉಂಡು ಆಕಿ ಮ್ಯಾಗ ಹಾಕಿದೆ! ನಾನು!”

ಫಟ್ ಎಂದು ಎಡಗಾಲಿಯ ಕೀಲು ಮುರಿಯಿತು. ಗಾಡಿ ಮೂಗು ನೆಲಕ್ಕೆ ಕೊಟ್ಟು ಹೊರಳಿತು. ಬೇಲಿಯ ಕಲ್ಲಿಗೆ ಬಡಿದು, ಮುದುಕಿಯ ಸೆರಗಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಮುಂದಿನ ಗಾಜು ಪುಡಿಯಾಯಿತು. ಆ ಕಿಂಡಿಯಿಂದ, ಇಡೀ ಗಾಡಿಯಲ್ಲಿ ಇದ್ದಿರಲಾರದಷ್ಟು ಕಪ್ಪು ಗ್ರೀಸು ಚಿಮ್ಮಿ ತುಳಜಾರಾಮನ ಮುಖಕ್ಕೆ ಬಡಿಯಿತು. ಬಿಸಿಯಾಗಿತ್ತು. ಬೆರಳುಗಳು ಬಿಟ್ಟುಕೊಂಡವು.

*

ಜನ ಓಡಿ ಬಂದು ಸುತ್ತ ನಿಂತರು. ಅವತ್ತು ಮಸಿ ಬಳಿದಿದ್ದ ಕೈಗಳೆಲ್ಲ ಒಂದೊಂದಾಗಿ ಧೋತರದ ಮಡಿಕೆಗಳಲ್ಲಿ ಅಡಗಿದವು. ಬಾವಿಯ ಹತ್ತಿರ ಮಾತಾಡಿಸಿದ್ದ ಶೆಡ್ಡಿನ ಮುದುಕ ಮೊದಲು ನೆಲ ನೋಡಿದ. ಆಮೇಲೆ ಇಡೀ ಓಣಿ ನೆಲ ನೋಡಿತು.

ಸಾಹುಕಾರರು ಇಳಿದು, ಪಾರ್ವತಿಬಾಯಿಯನ್ನು ಇಳಿಸಿ, ಚೆಲ್ಲಿದ ಸಕ್ಕರೆಯನ್ನು ನೋಡಿದರು. “ಮಗನ ಸಂಬಂಧದ ದಿನ ಕಳ್ಳನ ಕೈಯಾಗ ಕೂತು ಬಂದೆವಲ್ಲೇ,” ಎಂದರು ಹೆಂಡತಿಗೆ. ತುಳಜಾರಾಮನಿಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಇಬ್ಬರೂ ಬೀಗರ ಮನೆಗೆ ನಡೆದೇ ಹೋದರು.

ಅವನು ರೀಮರನ್ನು ಟೊಂಕದಿಂದ ತೆಗೆದು ಅಂಗಳದಲ್ಲಿ ಇಟ್ಟ. ಕಲ್ಲಿನ ಮೇಲೆ ಕುಸಿದು ಕೂತ. ತಲೆ ಎತ್ತಲಿಲ್ಲ. ಸೂಗಮ್ಮ ಒಳಗೆ ಹೋಗಿ ಒಂದು ಚರಿಗೆ ನೀರು, ಸೀಗೆಪುಡಿ, ಒಂದು ಅರಿವೆ ತಂದಳು. ಅವನ ಎದುರಿಗೆ ಕೂತು, ಗದ್ದ ಹಿಡಿದು, ಮುಖ ಒರೆಸತೊಡಗಿದಳು. ಅವನು ಕಣ್ಣು ಮುಚ್ಚಿಕೊಂಡ.

“ನಿನ್ನ ಬಟ್ಟಲ ನಾ ಕರಗಿಸಿಬಿಟ್ಟೆ, ಸೂಗಮ್ಮಾ,” ಎಂದ. “ಗಾಡ್ಯಾಗ ಹಾಕಿದೆ.”

“ಹ್ಞೂಂ.”

“ಅದರಾಗ ಏನ್ ಶಾಪ ಹಾಕಿದ್ದಿ?”

“ಶಾಪ ಯಾಕ ಹಾಕಲೋ? ಎರಡು ವರ್ಷ ಉಣಿಸಿದ ಕೈಲೆ ಶಾಪ ಹಾಕಾಕ ಬರತದೇನು?” ಅರಿವೆಯನ್ನು ಹಿಂಡಿದಳು. ಕಪ್ಪು ನೀರು ಚರಿಗೆಗೆ ಇಳಿಯಿತು. “ಒಮ್ಮಿ ಬಂದು ನನ್ನ ಮಾರಿ ನೋಡಲಿ ಅಂದಿದ್ದೆ. ಅಷ್ಟ. ಅವತ್ತು ಮೂರು ಸಲ ತಿರುಗಿದೆ, ನೀ ನೋಡಲೇ ಇಲ್ಲ.”

ಅವಳು ಒರೆಸಿದಳು. ನೀರು ಬದಲಿಸಿ ಒರೆಸಿದಳು. ಸೀಗೆಪುಡಿ ಹಚ್ಚಿ ತಿಕ್ಕಿದಳು. ಅವನ ಮುಖದ ಚರ್ಮ ಉರಿಯಿತು. ಅವಳ ಕೈ ನಿಧಾನವಾಯಿತು.

“ಹೋಗವಲ್ದೇನು?” ಎಂದ ತುಳಜಾರಾಮ. ಅವನ ದನಿ ಇಪ್ಪತ್ತು ವರ್ಷದವನದಾಗಿತ್ತು.

ಅವನು ಕಣ್ಣು ತೆರೆದ. ಏಳು ವರ್ಷ ನೋಡದ ಮುಖವನ್ನು ನೋಡಿದ. ಸೆರಗು ಜಾರಿತ್ತು. ಹಣೆಯಿಂದ ಗದ್ದದವರೆಗೆ, ಸುಕ್ಕಿನ ಗೆರೆಗೆರೆಯಲ್ಲೂ, ಅದೇ ಕಪ್ಪು. ನಿನ್ನೆ ಬಳಿದಷ್ಟು ಹಸಿ.

“ನಂದೂ ಹೋಗಿಲ್ಲ, ತಮ್ಮಾ,” ಎಂದಳು ಸೂಗಮ್ಮ. “ದಿನಾ ತೊಳಕೋತೀನಿ.”

ಅರಿವೆಯನ್ನು ಮತ್ತೆ ನೀರಿಗೆ ಅದ್ದಿದಳು. “ಮಾರಿ ಈ ಕಡೆ ಮಾಡು,” ಎಂದಳು.